ಮಿರಗ ಬಂತು, ಮಷಿನ್ ಮಾತ್ರ ಎದ್ದಿಲ್ಲ

ಹಿತ್ತಲ ಮಾಸ್ತರ, ಧಾರವಾಡ
ಶನಿವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಮಿರಗ (ಮೃಗಶಿರಾ ಮಳೆ) ಕೂಡಿತು, ನಿನ್ನೆ ಸಂಜೆ ಧಾರವಾಡಕ್ಕೆ ಚಲೋ ಮಳೆ ಆಯಿತು. ಕೆಲಗೇರಿ ಕಡೆ ನಮ್ಮದು ಹನ್ನೆರಡು ಗುಂಟೆ ಮಸಾರಿ (ಕೆಂಪು ಮಣ್ಣಿನ) ಜಾಗ ಇದೆ. ಆರು ಆಪೂಸ ಮಾವು, ಎರಡು ಚಿಕ್ಕು, ಮೂಲೆಗೊಂದು ಹುಣಸೆ. ಉಳಿದದ್ದೆಲ್ಲ ಹುಲ್ಲು. ಆ ಹುಲ್ಲಿನ ಸಲುವಾಗಿಯೇ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ಹುಲ್ಲು ಕತ್ತರಿಸುವ ಒಂದು ಬ್ರಷ್ ಕಟರ್ ತಗೊಂಡಿದ್ದೆ, ಟೂ ಸ್ಟ್ರೋಕ್. ದೀಪಾವಳಿ ಹೊತ್ತಿಗೆ ಕೊನೆಯ ಸಲ ಓಡಿಸಿ, ಹಿತ್ತಲಿನ ಕಟ್ಟಿಗೆ ಮನೆಯಲ್ಲಿ ಗೂಟಕ್ಕೆ ತೂಗುಹಾಕಿದ್ದೆ. ಇವತ್ತು ಇಳಿಸಿ ಸ್ಟಾರ್ಟ್ ಮಾಡುವ ಹಗ್ಗ ಎಳೆದೆ. ಮೂವತ್ತು ಸಲ ಎಳೆದಿರಬಹುದು. ಒಂದು ಸಲ ಕೆಮ್ಮಿತು, ಅಷ್ಟೇ. ಈಗ ಬಲಗೈ ಮೇಲೆ ಎತ್ತಲಾಗುತ್ತಿಲ್ಲ, ಸೋಮವಾರ ಬೋರ್ಡಿನ ಮೇಲೆ ಏನು ಬರೆಯುತ್ತೇನೋ ಗೊತ್ತಿಲ್ಲ.

ಅಪ್ಪನಿಗೆ 78. ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ಕೊನೆಗೆ "ಕುರ್ಪಿ ಹಿಡಕೊಂಡು ಕುಂತಿದ್ರ ಇಷ್ಟೊತ್ತಿಗೆ ಅರ್ಧ ಹುಲ್ಲು ಮುಗೀತಿತ್ತು" ಅಂದರು. ಮಾತು ಸುಳ್ಳಲ್ಲ. ಅದಕ್ಕೇ ಸಿಟ್ಟು ಬಂದದ್ದು.

ಯಾರಾದರೂ ದಾರಿ ತೋರಿಸಿ.


ಬಾಲ್ಕನಿ ರೈತ, ಹುಬ್ಬಳ್ಳಿ
ಶನಿವಾರ, ರಾತ್ರಿ 9:24

ಸರ್, ಬ್ಯಾಟರಿದು ತಗೊಳ್ಳಿ. ಹಗ್ಗವೂ ಇಲ್ಲ, ಹೊಗೆಯೂ ಇಲ್ಲ.


ಎರಿಹೊಲದವ, ಗದಗ
ಶನಿವಾರ, ರಾತ್ರಿ 9:31

ಬ್ಯಾಟರಿದು ನಿಮ್ಮ ಬಾಲ್ಕನಿಗೆ ಸಾಕು ತಮ್ಮಾ. ಹನ್ನೆರಡು ಗುಂಟೆ ಮಳೆಗಾಲದ ಹುಲ್ಲಿಗೆ ಎಷ್ಟು ಸಲ ಚಾರ್ಜ್ ಮಾಡುತ್ತೀರಿ? ಹೊಲದಲ್ಲಿ ಪ್ಲಗ್ ಪಾಯಿಂಟ್ ಹುಡುಕುತ್ತಾ ಕೂರಬೇಕಾಗುತ್ತದೆ.

ಮಾಸ್ತರ, ಲೋಕೋ ಶೆಡ್ ಕಾಕಾ ಬರಲಿ, ತಡೀರಿ. ಅಲ್ಲಿವರೆಗೆ ಏನೂ ಬಿಚ್ಚಬೇಡಿ.


ಲೋಕೋ ಶೆಡ್ ಕಾಕಾ, ಹುಬ್ಬಳ್ಳಿ
ಶನಿವಾರ, ರಾತ್ರಿ 10:15

ಬಂದೆ. ಊಟ ಮುಗಿಸಿ, ಮೊಮ್ಮಗಳಿಗೆ ಕಥೆ ಹೇಳಿ ಬರುವಷ್ಟರಲ್ಲಿ ತಡವಾಯಿತು.

ಮಾಸ್ತರ, ನಾನು ರೈಲ್ವೆಯ ಡೀಸೆಲ್ ಶೆಡ್ಡಿನಲ್ಲಿ ಜೀವನ ಕಳೆದವನು. ನಾವು ಮುಟ್ಟುತ್ತಿದ್ದ ಎಂಜಿನ್‌ಗೆ 16 ಸಿಲಿಂಡರ್. ನಿಮ್ಮದಕ್ಕೆ ಒಂದೇ. ಆದರೆ ಹಟ ಎರಡಕ್ಕೂ ಒಂದೇ ಥರ. ನಿಮ್ಮ ಎಂಜಿನ್ ಕೇಳುವುದು ಮೂರೇ: ಕಿಡಿ, ಎಣ್ಣೆ, ಉಸಿರು. (ಡೀಸೆಲ್‌ಗೆ ಕಿಡಿಯೂ ಬೇಡ, ಆ ಮಾತು ಬೇರೆ.) ಒಂದೊಂದೇ ನೋಡುತ್ತಾ ಹೋಗಿ. ಮೂರನ್ನೂ ಒಟ್ಟಿಗೆ ಬಿಚ್ಚಿದರೆ ಯಾವುದು ಕೆಟ್ಟಿತ್ತು ಅಂತ ಕೊನೆಗೂ ತಿಳಿಯುವುದಿಲ್ಲ.

ಮೊದಲು ಪ್ಲಗ್ ಬಿಚ್ಚಿ. ತುದಿ ಒಣಗಿದೆಯೋ, ಹಸಿ ಇದೆಯೋ ನೋಡಿ. ಒಣಗಿದ್ದರೆ ಪೆಟ್ರೋಲ್ ಮೇಲೆ ಬರುತ್ತಿಲ್ಲ. ಹಸಿ ಇದ್ದರೆ ಬರುತ್ತಿದೆ, ಉರಿಯುತ್ತಿಲ್ಲ. ಆಮೇಲೆ ಪ್ಲಗ್‌ಗೆ ವೈರಿನ ಟೋಪಿ ಹಾಕಿ, ಅದರ ಮೈಯನ್ನು ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ, ಹಗ್ಗ ಎಳೆಯಿರಿ. ನೆರಳಿನಲ್ಲಿ ಮಾಡಿ, ಬಿಸಿಲಲ್ಲಿ ಕಿಡಿ ಕಾಣುವುದಿಲ್ಲ. ಪೆಟ್ರೋಲ್ ಡಬ್ಬಿ ಹತ್ತು ಹೆಜ್ಜೆ ದೂರ ಇರಲಿ, ಟ್ಯಾಂಕಿನ ಮುಚ್ಚಳ ಬಿಗಿ ಇರಲಿ. ಕಿಡಿ ನೀಲಿ ಇದ್ದರೆ ಚಲೋ.

ಒಂದು ಪ್ರಶ್ನೆ. ಟ್ಯಾಂಕಿನಲ್ಲಿ ಇರುವುದು ದೀಪಾವಳಿಯ ಪೆಟ್ರೋಲೇ?


ಹಿತ್ತಲ ಮಾಸ್ತರ, ಧಾರವಾಡ
ಶನಿವಾರ, ರಾತ್ರಿ 10:22

ಹೌದು ಕಾಕಾ. ಅರ್ಧ ಟ್ಯಾಂಕ್ ಹಾಗೇ ಇತ್ತು. ಯಾಕೆ ಚೆಲ್ಲುವುದು ಅಂತ ಬಿಟ್ಟಿದ್ದೆ.


ಲೋಕೋ ಶೆಡ್ ಕಾಕಾ, ಹುಬ್ಬಳ್ಳಿ
ಶನಿವಾರ, ರಾತ್ರಿ 10:30

ಅರ್ಧ ಟ್ಯಾಂಕ್ ಉಳಿಸಲು ಹೋಗಿ ಭುಜ ಕಳಕೊಂಡಿರಿ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಏಳು ತಿಂಗಳು ಅರ್ಧ ಟ್ಯಾಂಕ್ ಬಿಟ್ಟರೆ ನೀರು ಸೇರುತ್ತದೆ, ಹೆಚ್ಚಾದರೆ ಎಥನಾಲನ್ನೂ ಎಳೆದುಕೊಂಡು ಕೆಳಗೆ ಕೂರುತ್ತದೆ. ಟ್ಯಾಂಕಿನ ಪೈಪು ಎಳೆಯುವುದು ತಳದಿಂದ. ಅಂದ ಮೇಲೆ ನಿಮ್ಮ ಎಂಜಿನ್ ಕುಡಿಯುತ್ತಿರುವುದು ಏನು, ನೀವೇ ಲೆಕ್ಕ ಹಾಕಿ.

ನಾಳೆ ಆ ಹಳೆಯದನ್ನು ಒಂದು ಗಾಜಿನ ಬಾಟಲಿಗೆ ಬಸಿದು ಬೆಳಕಿಗೆ ಹಿಡಿದು ನೋಡಿ. ಹೊಸ ಪೆಟ್ರೋಲ್ ತನ್ನಿ. ಲೀಟರಿಗೆ 25 ಎಂ.ಎಲ್. ಟೂ-ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಬೆರೆಸುವುದು), ಅಂದರೆ 40ಕ್ಕೆ 1. ಆದರೆ ಕಂಪನಿಗೊಂದು ಲೆಕ್ಕ, ಮೊದಲು ಟ್ಯಾಂಕಿನ ಮುಚ್ಚಳದ ಮೇಲೆ ಅಥವಾ ಪುಸ್ತಕದಲ್ಲಿ ಏನು ಬರೆದಿದೆ ನೋಡಿ. ಅಂದಾಜಿನ ಮೇಲೆ ಸುರಿಯಬೇಡಿ. ಔಷಧಿ ಬಾಟಲಿಯ ಮುಚ್ಚಳಕ್ಕೆ ಗೆರೆ ಇರುತ್ತದೆ, ಅದರಲ್ಲಿ ಅಳೆಯಿರಿ.


ಪೇರಲ ತೋಟ, ನವಲೂರು
ಶನಿವಾರ, ರಾತ್ರಿ 10:41

ಅಂದಾಜು ಅಂದಾಗ ನೆನಪಾಯಿತು. ಹೋದ ವರ್ಷ ನಮ್ಮ ಭಾವ ಊರಿಂದ ಬಂದವರು ಸಹಾಯ ಮಾಡುತ್ತೇನೆ ಅಂತ ಟ್ಯಾಂಕಿಗೆ ಬರೀ ಪೆಟ್ರೋಲ್ ಹಾಕಿ ಓಡಿಸಿದರು. ಆಯಿಲ್ ಇಲ್ಲ. ಹತ್ತು ನಿಮಿಷ ಭಾರಿ ಜೋರು ಓಡಿತು. "ನಿಮ್ಮ ಮಷಿನ್ ನಾನು ಮುಟ್ಟಿದ ಮೇಲೆ ಹೆಂಗ ಓಡಾಕತ್ತೈತಿ ನೋಡು" ಅಂದರು. ಆಮೇಲೆ ಕಿರ್ ಅಂತ ಸದ್ದು. ಪಿಸ್ಟನ್ ಹಿಡಿದುಕೊಂಡಿತು. ರಿಪೇರಿಯವನು ಬಿಚ್ಚಿ ತೋರಿಸಿದ, ಪಿಸ್ಟನ್ ಮೈ ತುಂಬಾ ಬೆಕ್ಕು ಪರಚಿದ ಹಾಗೆ ಗೀರು.

ಭಾವನಿಗೆ ಏನೂ ಅನ್ನುವ ಹಾಗಿಲ್ಲ. ಹೆಂಡತಿಯ ಅಣ್ಣ. ಈ ಸಲವೂ ಕಾರಹುಣ್ಣಿಮೆಗೆ ಬರುವವರಿದ್ದಾರೆ. ಮಷಿನ್ ಕೋಣೆಗೆ ಈಗಲೇ ಕೀಲಿ ಹಾಕಿದ್ದೇನೆ.


ಮಾಳಿಗೆ ಅಕ್ಕ, ಹುಬ್ಬಳ್ಳಿ
ರವಿವಾರ, ಬೆಳಿಗ್ಗೆ 6:20

ರಾತ್ರಿಯೆಲ್ಲ ಗಂಡಸರು ಪಿಸ್ಟನ್ ಪುರಾಣ ಬರೆದಿದ್ದೀರಿ. ನನ್ನದು ಸಣ್ಣ ವಿಷಯ. ವಿದ್ಯಾನಗರದ ನಮ್ಮ ಮಾಳಿಗೆಯ ಮೇಲೆ ಅರವತ್ತು ಕುಂಡ ಇವೆ. ಯಾವುದಕ್ಕೂ ಎಂಜಿನ್ ಇಲ್ಲ. ಆದರೆ ಹೀರೇಕಾಯಿ ಬೆರಳಿನಷ್ಟು ಆಗುತ್ತಲೇ ಬಾಗಿ, ಹಳದಿಯಾಗಿ, ಉದುರುತ್ತಿದೆ. ಸೀಳಿ ನೋಡಿದರೆ ಒಳಗೆ ಬಿಳಿ ಹುಳ ಜಿಗಿಯುತ್ತವೆ. ಬೂದಿ ಹಾಕಿದೆ, ಬೇವಿನ ಎಣ್ಣೆ ಹೊಡೆದೆ. ಏನೂ ಉಪಯೋಗ ಆಗಲಿಲ್ಲ.

ಮಾಸ್ತರ, ಹುಲ್ಲು ಕತ್ತರಿಸುವಾಗ ಪುಂಡಿ ಗಿಡ ಇದ್ದರೆ ನೋಡಿಕೊಂಡು ಬಿಡಿ. ಮಸಾರಿಯಲ್ಲಿ ತಾನಾಗಿ ಎದ್ದ ಪುಂಡಿಯ ಹುಳಿ ನನ್ನ ಕುಂಡದ ಪುಂಡಿಗೆ ಬರುವುದಿಲ್ಲ.


ಪೇರಲ ತೋಟ, ನವಲೂರು
ರವಿವಾರ, ಬೆಳಿಗ್ಗೆ 7:05

ಅಕ್ಕಾರ, ಅದು ಹಣ್ಣು ನೊಣ. ಎಳೆ ಕಾಯಿಗೆ ಸೂಜಿ ಚುಚ್ಚಿದ ಹಾಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹುಳ ಇರುವುದು ಕಾಯಿಯ ಒಳಗೆ, ನೀವು ಎಣ್ಣೆ ಹೊಡೆಯುವುದು ಹೊರಗೆ. ಅದಕ್ಕೇ ಹತ್ತಿಲ್ಲ.

ಮೋಹಕ ಬಲೆ ಅಂತ ಸಿಗುತ್ತದೆ, ಒಂದು ಡಬ್ಬಿ, ಒಳಗೊಂದು ಬಿಲ್ಲೆ. ಕೊಳ್ಳುವಾಗ ಸರಿಯಾಗಿ ಕೇಳಿ. ಮಾವು, ಪೇರಲಕ್ಕೆ ಮಿಥೈಲ್ ಯೂಜಿನಾಲ್ ಬಿಲ್ಲೆ. ಹೀರೇಕಾಯಿ, ಹಾಗಲ, ಸೌತೆಗೆ ಕ್ಯೂ ಲೂರ್ ಬಿಲ್ಲೆ. ಅಂಗಡಿಯವರು ಎಷ್ಟೋ ಸಲ ಎರಡೂ ಒಂದೇ ಅಂತ ಕೊಟ್ಟುಬಿಡುತ್ತಾರೆ. ಒಂದೇ ಅಲ್ಲ. ನೊಣದ ಜಾತಿಯೇ ಬೇರೆ, ಇದರ ವಾಸನೆಗೆ ಅದು ಬರುವುದಿಲ್ಲ. ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಹಾಗಾಗಿ ಹೂ ಬಿಡುವ ಮುಂಚೆಯೇ ತೂಗುಹಾಕಿ, ಕಾಯಿ ಕೆಟ್ಟ ಮೇಲೆ ಹಾಕಿದರೆ ಲಾಭ ಕಡಿಮೆ. ಉದುರಿದ ಕಾಯಿ ಕುಂಡದ ಮಣ್ಣಿಗೆ ಬಿಡಬೇಡಿ. ಹುಳ ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಏಳುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಬಿಸಿಲಿಗೆ ಇಡಿ.

ಇನ್ನೂ ಸುಲಭದ್ದು ಬೇಕಾದರೆ, ಹೂ ಉದುರಿದ ಕೂಡಲೇ ಎಳೆ ಕಾಯಿಗೆ ಕಾಗದದ ಕೊಟ್ಟೆ ತೊಡಿಸಿ. ಅರವತ್ತು ಕುಂಡಕ್ಕೆ ಅದು ಆಗುವ ಕೆಲಸ. ನನ್ನ ನೂರಾ ಇಪ್ಪತ್ತು ಪೇರಲ ಗಿಡಕ್ಕೆ ಆಗುವುದಿಲ್ಲ. ನಮ್ಮಲ್ಲಿ ಮಳೆಗಾಲದ ಹಣ್ಣೆಲ್ಲ ನೊಣಕ್ಕೇ ಅಂತ ಬಿಟ್ಟುಬಿಟ್ಟಿದ್ದೇವೆ. ಚಳಿಗಾಲದ ಹಣ್ಣು ನಮಗೆ.


ಡಬ್ಬಿ ಕಡ್ಡಿ, ಬ್ಯಾಡಗಿ
ರವಿವಾರ, ಬೆಳಿಗ್ಗೆ 8:40

ನಾನೂ ಒಂದು ಕೇಳುತ್ತೇನೆ. ಹದಿನಾಲ್ಕು ಚೀಲದಲ್ಲಿ ಮೆಣಸಿನ ಗಿಡ ಇಟ್ಟಿದ್ದೇನೆ, ಬ್ಯಾಡಗಿಯ ಎರಡು ತಳಿ, ಏಳು ಡಬ್ಬಿ, ಏಳು ಕಡ್ಡಿ. ಊರೇ ಮೆಣಸಿನಕಾಯಿದು, ಮನೆಯವರು ಪೇಟೆಯಲ್ಲಿ ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತಾರೆ, ಸುಗ್ಗಿಯಲ್ಲಿ ಅವರ ಅಂಗಿ ಒಗೆಯುವಾಗಲೂ ಸೀನು ಬರುತ್ತದೆ. ಆದರೂ ನನ್ನ ಗಿಡದ ಎಲೆ ಮುಟುರಿಕೊಂಡಿವೆ. ನಗಬೇಡಿ.

ಇನ್ನೊಂದು, ಸುಮ್ನೆ ಹೇಳುತ್ತೇನೆ. ಬೆಂಗಳೂರಿನ ನಮ್ಮ ನಾದಿನಿ "ಬ್ಯಾಡಗಿ ಅಂದ್ರೆ ಖಾರ ಅಲ್ವಾ" ಅನ್ನುತ್ತಾರೆ. ಅಲ್ಲ! ಬ್ಯಾಡಗಿಯದು ಬಣ್ಣ. ಖಾರ ಕಡಿಮೆ, ಅದಕ್ಕೇ ಬೆಲೆ. 2011ರಲ್ಲಿ ಜಿ.ಐ. (ಭೌಗೋಳಿಕ) ಗುರುತು ಸಿಕ್ಕಿದೆ. ಡಬ್ಬಿ ಗಿಡ್ಡ, ದುಂಡಗೆ, ಬೀಜ ಜಾಸ್ತಿ. ಕಡ್ಡಿ ಉದ್ದ, ಸಣ್ಣ, ಮೈ ತುಂಬಾ ಸುಕ್ಕು. ಪೇಟೆಗೆ ಬರುವ ರಾಶಿಯೆಲ್ಲ ಬ್ಯಾಡಗಿಯಲ್ಲಿ ಬೆಳೆದದ್ದೂ ಅಲ್ಲ, ಗದಗ, ಬಳ್ಳಾರಿ, ಆಂಧ್ರದಿಂದಲೂ ಲಾರಿ ಬರುತ್ತವೆ.


ಎರಿಹೊಲದವ, ಗದಗ
ರವಿವಾರ, ಬೆಳಿಗ್ಗೆ 9:15

ತಂಗಿ, ಎಲೆ ಯಾವ ಕಡೆ ಮಡಚಿದೆ? ಅಂಚು ಮೇಲಕ್ಕೆ ಎದ್ದು ದೋಣಿಯ ಹಾಗೆ ಆಗಿದ್ದರೆ ಥ್ರಿಪ್ಸ್, ರಸ ಹೀರುವ ಸಣ್ಣ ಹುಳ. ಅಂಚು ಕೆಳಗೆ ಇಳಿದು, ಬೋರಲು ಹಾಕಿದ ದೋಣಿಯ ಹಾಗಿದ್ದು, ತೊಟ್ಟು ಉದ್ದ ಆಗಿದ್ದರೆ ಮೈಟ್ ನುಸಿ. ಎರಡಕ್ಕೂ ಮದ್ದು ಬೇರೆ.

ನೋಡುವುದು ಹೀಗೆ. ಒಂದು ಬಿಳಿ ಹಾಳೆ ಗಿಡದ ಕೆಳಗೆ ಹಿಡಿದು ಚಿಗುರಿಗೆ ಬೆರಳಿನಿಂದ ಎರಡು ಸಲ ತಟ್ಟಿ. ಜೀರಿಗೆಗಿಂತ ಸಣ್ಣ, ಕಡ್ಡಿಯಂಥ ಹುಳ ಹಾಳೆಯ ಮೇಲೆ ಓಡಾಡಿದರೆ ಥ್ರಿಪ್ಸ್. ಹೂವಿನಲ್ಲೂ ತಟ್ಟಿ ನೋಡಿ. 2021-22ರಲ್ಲಿ ಕರಿ ಥ್ರಿಪ್ಸ್ ಬಂದು ಮೆಣಸಿನ ಹೊಲ ಹೊಲವೇ ಹಾಳಾದದ್ದು ನಿಮ್ಮ ಮನೆಯವರಿಗೆ ನೆನಪಿರುತ್ತದೆ, ಅದು ಕೂರುವುದು ಹೂವಿನೊಳಗೇ. ನಮ್ಮ ಅಣ್ಣ ಆ ವರ್ಷ ಎರಡು ಎಕರೆ ಗಿಡ ಕಿತ್ತು ಕಡಲೆ ಬಿತ್ತಿದ.

ಹದಿನಾಲ್ಕು ಚೀಲಕ್ಕೆ ಪೇಟೆ ಔಷಧಿ ಬೇಡ. ನೀಲಿ ಅಂಟು ಹಾಳೆ ಎರಡು ತೂಗುಹಾಕಿ, ಥ್ರಿಪ್ಸ್‌ಗೆ ನೀಲಿ, ಬಿಳಿ ನೊಣಕ್ಕೆ ಹಳದಿ. ಬೇವಿನ ಎಣ್ಣೆ ಲೀಟರಿಗೆ 5 ಎಂ.ಎಲ್., ಸ್ವಲ್ಪ ಸೋಪಿನ ನೀರು ಕೂಡಿಸಿ, ಸಂಜೆ ಹೊತ್ತು, ಎಲೆಯ ಕೆಳಮೈಗೆ. ವಾರಕ್ಕೊಮ್ಮೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.


ಡಬ್ಬಿ ಕಡ್ಡಿ, ಬ್ಯಾಡಗಿ
ರವಿವಾರ, ಬೆಳಿಗ್ಗೆ 9:50

ತಟ್ಟಿದೆ. ಓಡಾಡುತ್ತಿವೆ ಅಣ್ಣಾರ. ಮಗನ ಗಣಿತದ ನೋಟ್‌ಬುಕ್ಕಿನ ಹಾಳೆ ಹರಿದಿದ್ದೆ, ಈಗ ಅವನೂ ಓಡಾಡುತ್ತಿದ್ದಾನೆ.


ಹಿತ್ತಲ ಮಾಸ್ತರ, ಧಾರವಾಡ
ರವಿವಾರ, ಮಧ್ಯಾಹ್ನ 12:30

ಕಾಕಾ, ವರದಿ.

ಹಳೆಯ ಪೆಟ್ರೋಲ್ ಬಾಟಲಿಗೆ ಬಸಿದು ಕಿಟಕಿಗೆ ಹಿಡಿದೆ. ತಳದಲ್ಲಿ ಬೆರಳಿನ ಉಗುರಿನಷ್ಟು ಬೇರೆಯದೇ ಪದರ, ಮೇಲಿನದು ಹಸಿರು, ಕೆಳಗಿನದು ಕಲಸಿದ ನೀರಿನ ಹಾಗೆ. ಅಲುಗಾಡಿಸಿದರೆ ಗುಳ್ಳೆ ಗುಳ್ಳೆಯಾಗಿ ಮತ್ತೆ ತಳ ಸೇರುತ್ತದೆ. ಮಗಳು ಒಂಬತ್ತನೇ ಕ್ಲಾಸು, ಫೋಟೋ ತೆಗೆದು ಗೆಳತಿಯರಿಗೆ ಕಳಿಸಿದಳು. ಅಪ್ಪ ಬಾಟಲಿ ಮೂಸಿ "ಬತ್ತಿ ಸ್ಟೋವಿಗೂ ನಡಿಯಂಗಿಲ್ಲ" ಅಂದರು.

ಪ್ಲಗ್ ಹಸಿ ಇತ್ತು, ಕರ್ರಗೆ. ವೈರ್ ಬ್ರಷ್ ಹಾಕಿ ತಿಕ್ಕಿದೆ. ಕಿಡಿ ನೀಲಿ, ಟಕ್ ಟಕ್ ಅಂತ ಬರುತ್ತಿದೆ. ಹೊಸ ಪೆಟ್ರೋಲ್, ಹೊಸ ಆಯಿಲ್, ಅಳೆದೇ ಹಾಕಿದೆ. ರಬ್ಬರ್ ಗುಬ್ಬಿ ಒತ್ತಿದರೆ ಪೆಟ್ರೋಲ್ ಏರುವುದು ಕಾಣುತ್ತದೆ.

ಇಷ್ಟಾಗಿಯೂ ಹಗ್ಗ ಎಳೆದರೆ ಅದೇ ಕೆಮ್ಮು. ಒಂದು ಸಲ ಎರಡು ಸೆಕೆಂಡ್ ಓಡಿತು. ಉಬ್ಬಸ ಇದ್ದವರ ಹಾಗೆ ಸದ್ದು ಮಾಡಿ ನಿಂತಿತು.

ಬೇಸರದಲ್ಲಿ ಧಾರವಾಡದ ಒಂದು ರಿಪೇರಿ ಅಂಗಡಿಗೆ ಫೋನ್ ಮಾಡಿದೆ. ನೋಡದೇನೇ "ಕಾರ್ಬೊರೇಟರ್ ಹೋಗಿದೆ, ಬದಲಿಸಬೇಕು" ಅಂದ. ತರಲೇ?


ಲೋಕೋ ಶೆಡ್ ಕಾಕಾ, ಹುಬ್ಬಳ್ಳಿ
ರವಿವಾರ, ಮಧ್ಯಾಹ್ನ 1:10

ಬೇಡ. ಫೋನಿನಲ್ಲಿ ಕಾರ್ಬೊರೇಟರ್ ಹೋಗಿದೆ ಅನ್ನುವವನ ಹತ್ತಿರ ಒಂದು ಕಾರ್ಬೊರೇಟರ್ ಮಾರಾಟಕ್ಕೆ ಇರುತ್ತದೆ.

ಕಿಡಿ ಇದೆ, ಎಣ್ಣೆ ಇದೆ. ಉಳಿದದ್ದು ಉಸಿರು. ಉಬ್ಬಸ ಅಂತ ನೀವೇ ಬರೆದಿದ್ದೀರಿ. ಉಸಿರಿಗೆ ಎರಡು ತುದಿ, ಒಳಗೆ ಬರುವುದು, ಹೊರಗೆ ಹೋಗುವುದು. ಎಲ್ಲರೂ ಒಳಗಿನದನ್ನು ನೋಡುತ್ತಾರೆ, ಏರ್ ಫಿಲ್ಟರ್ ಸ್ಪಂಜು. ಅದನ್ನು ಸೋಪಿನ ನೀರಲ್ಲಿ ತೊಳೆದು, ಹಿಂಡದೆ ಒತ್ತಿ, ನೆರಳಲ್ಲಿ ಒಣಗಿಸಿ. ಹೊರಗಿನದನ್ನು ಯಾರೂ ನೋಡುವುದಿಲ್ಲ. ಸೈಲೆನ್ಸರ್ ಬಿಚ್ಚಿ. ಎರಡೋ ಮೂರೋ ಬೋಲ್ಟ್ ಇರುತ್ತವೆ, ಅಲೆನ್ ಕೀ ಬೇಕು. ಟೂ ಸ್ಟ್ರೋಕಿನಲ್ಲಿ ಆಯಿಲ್ ಉರಿದು ಅಲ್ಲಿ ಇದ್ದಿಲು ಕಟ್ಟುತ್ತದೆ. ಸಣ್ಣ ಜಾಲರಿ ಇದ್ದರೆ ಅದೂ ಕಟ್ಟಿರುತ್ತದೆ. ಹೊಗೆ ಹೋಗಲು ದಾರಿ ಇಲ್ಲದಿದ್ದರೆ ಹೊಸ ಗಾಳಿ ಎಲ್ಲಿಂದ ಬರಬೇಕು?


ಬಾಲ್ಕನಿ ರೈತ, ಹುಬ್ಬಳ್ಳಿ
ರವಿವಾರ, ಮಧ್ಯಾಹ್ನ 2:00

ಕಾಕಾ ಬರೆದದ್ದು ಓದಿ ನಮ್ಮ ಮನೆ ಫ್ಯಾನಿನ ಧೂಳು ಒರೆಸಿದೆ.

ನನ್ನದು ಎರಡು ವರ್ಷದ ಕರಿಬೇವು. ಒಂದೇ ಕಡ್ಡಿ, ನನ್ನ ಎದೆಮಟ್ಟ ಬೆಳೆದಿದೆ, ಮೇಲೆ ಮಾತ್ರ ನಾಲ್ಕು ಎಲೆ. ಮನೆಯಿಂದಲೇ ಕೆಲಸ, ಬೆಂಗಳೂರಿನ ಕಂಪನಿ. ಮೀಟಿಂಗಿನಲ್ಲಿ ಹಿಂದೆ ಅದೊಂದು ಕಡ್ಡಿ ಕಾಣುತ್ತದೆ. ಮ್ಯಾನೇಜರ್ ಅದೇನು ಆಂಟೆನಾನಾ ಅಂತ ಕೇಳಿದರು. ಅಮ್ಮ ಹುಳಿ ಮಜ್ಜಿಗೆ ಹಾಕು ಅನ್ನುತ್ತಾರೆ.


ಮಾಳಿಗೆ ಅಕ್ಕ, ಹುಬ್ಬಳ್ಳಿ
ರವಿವಾರ, ಮಧ್ಯಾಹ್ನ 2:25

ಮಜ್ಜಿಗೆ ನಾನೂ ಹಾಕುತ್ತೇನೆ, ನಮ್ಮ ಅವ್ವನೂ ಹಾಕುತ್ತಿದ್ದಳು. ಆದರೆ ಕರಿಬೇವಿಗೆ ನಿಜವಾದ ಮದ್ದು ಕತ್ತರಿ. ತುದಿ ಕತ್ತರಿಸು. ಮೊಣಕಾಲ ಮಟ್ಟಕ್ಕೆ ಕತ್ತರಿಸು, ಹೆದರಬೇಡ. ಪಕ್ಕದಲ್ಲಿ ಮೂರು ನಾಲ್ಕು ಟೊಂಗೆ ಒಡೆಯುತ್ತವೆ. ಇದೇ ಸರಿಯಾದ ಕಾಲ, ಮಳೆ ಶುರು. ಹೂ ಬಿಟ್ಟರೆ ಚಿವುಟಿ ಹಾಕು, ಎಲೆ ಬೇಕಾದವರಿಗೆ ಹೂ ಯಾಕೆ? ಎಲೆ ಕೀಳುವಾಗಲೂ ಒಂದೊಂದೇ ಎಸಳು ಕೀಳಬೇಡ, ತುದಿ ಸಮೇತ ಮುರಿ.

ಕತ್ತರಿಸಿದ ಎಲೆಯಿಂದ ಅಮ್ಮನಿಗೆ ಚಟ್ನಿಪುಡಿ ಮಾಡಿಸು. ಮದುವೆ ಮಾತು ಎಲ್ಲಿಗೆ ಬಂತು?


ಬಾಲ್ಕನಿ ರೈತ, ಹುಬ್ಬಳ್ಳಿ
ರವಿವಾರ, ಮಧ್ಯಾಹ್ನ 2:31

ಕತ್ತರಿಸಿದೆ ಅಕ್ಕ. ಇನ್ನೊಂದು ಪ್ರಶ್ನೆ ನೆಟ್‌ವರ್ಕ್ ಇಲ್ಲದ್ದರಿಂದ ಕಾಣಿಸಲಿಲ್ಲ.


ಹಿತ್ತಲ ಮಾಸ್ತರ, ಧಾರವಾಡ
ರವಿವಾರ, ಸಂಜೆ 5:45

ಸಿಕ್ಕಿತು! ಕೂತು ಬರೆಯುತ್ತೇನೆ, ಕೈಯೆಲ್ಲ ಮಸಿ.

ಅಲೆನ್ ಕೀ ಇರಲಿಲ್ಲ, ಪಕ್ಕದ ಮನೆಯ ಹುಡುಗನ ಸೈಕಲ್ ಪೆಟ್ಟಿಗೆಯಿಂದ ತಂದೆ. ಸೈಲೆನ್ಸರ್ ಕೈಗೆ ಬಂದಾಗ ಹೊಗೆ ಬರುವ ತೂತು ಕಾಣಲೇ ಇಲ್ಲ. ಆ ಜಾಗದಲ್ಲಿ ಕೆಂಪು ಮಣ್ಣು, ಮೆತ್ತಿ ಒರೆಸಿದ ಹಾಗೆ ನುಣ್ಣಗೆ. ನಾನು ಬಿದ್ದ ಮಣ್ಣು ಅಂದುಕೊಂಡೆ. ಅಪ್ಪ ದೂರದಿಂದಲೇ "ಕುಂಬಾರ ಹುಳದ ಮನಿ ಅದು" ಅಂದರು.

ಮೊಳೆಯ ತುದಿಯಿಂದ ಮೆಲ್ಲಗೆ ಎಬ್ಬಿಸಿದೆ. ಸಿಮೆಂಟಿನಷ್ಟು ಗಟ್ಟಿ. ಒಳಗೆ ಸಾಲಾಗಿ ಮೂರು ಕೋಣೆ. ಮೊದಲನೆಯದರಲ್ಲಿ ಸಣ್ಣ ಸಣ್ಣ ಜೇಡ, ಹದಿನೇಳು, ಮಗಳು ಎಣಿಸಿದಳು. ಕಾಲು ಮಡಚಿಕೊಂಡು ಒಣಗಿ ಹೋಗಿವೆ. ಕುಂಬಾರ ಹುಳ ಜೇಡಕ್ಕೆ ಚುಚ್ಚಿ, ಸಾಯಿಸದೆ ಮೈ ಮಾತ್ರ ಸೋಲಿಸಿ, ಮರಿಗೆ ಬುತ್ತಿ ಕಟ್ಟಿ ಇಡುತ್ತದಂತೆ. ಆ ಕೋಣೆಯ ಮೊಟ್ಟೆ ಒಡೆದಿಲ್ಲ, ಬುತ್ತಿ ಹಾಗೇ ಉಳಿದಿದೆ. ಎರಡನೆಯದು ಖಾಲಿ. ಮೂರನೆಯದರಲ್ಲಿ ಈರುಳ್ಳಿ ಸಿಪ್ಪೆಯ ಬಣ್ಣದ ಒಂದು ಕೋಶ, ತೆಳ್ಳಗೆ, ಹಿಡಿದರೆ ಒಡೆಯುವಂಥದ್ದು. ಮಗಳು ಅದನ್ನು ಕೈಯಿಂದ ಕಸಿದು ಹತ್ತಿ ಹಾಕಿದ ಉಪ್ಪಿನಕಾಯಿ ಬಾಟಲಿಯಲ್ಲಿ ಇಟ್ಟು, ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿದ್ದಾಳೆ.

ಎರಡನೇ ಎಳೆತಕ್ಕೆ ಎದ್ದಿತು ಕಾಕಾ. ಎರಡನೇ ಎಳೆತ! ಕಟ್ಟೆಯ ಮೇಲಿದ್ದ ಬೆಕ್ಕು ಹುಣಸೆ ಮರ ಏರಿತು.


ಲೋಕೋ ಶೆಡ್ ಕಾಕಾ, ಹುಬ್ಬಳ್ಳಿ
ರವಿವಾರ, ಸಂಜೆ 6:02

ಭಲೆ. ಆ ಮಣ್ಣಿನ ಪುಡಿ ಎಂಜಿನ್ನಿನ ಬಾಯಿಯೊಳಗೆ ಹೋಗಿಲ್ಲ ತಾನೆ? ಸೈಲೆನ್ಸರ್ ಬಿಚ್ಚಿ ಕೆರೆದಿರಿ, ಹಾಗಾಗಿ ಚಿಂತೆ ಇಲ್ಲ. ಅಲ್ಲೇ ಇದ್ದ ಹಾಗೇ ಚುಚ್ಚಿದ್ದರೆ ಪುಡಿ ಒಳಗೆ ಹೋಗಿ ಪಿಸ್ಟನ್ನಿಗೆ ಮರಳು ಕಾಗದ ತಿಕ್ಕಿದ ಹಾಗಾಗುತ್ತಿತ್ತು.

ಓಡಿಸುವಾಗ ಕನ್ನಡಕ, ಬೂಟು, ಉದ್ದ ಪ್ಯಾಂಟು. ಲುಂಗಿ ಉಟ್ಟು ಬ್ರಷ್ ಕಟರ್ ಹಿಡಿಯುವವರನ್ನು ಕಂಡರೆ ನನಗೆ ಬಿ.ಪಿ. ಏರುತ್ತದೆ. ಮುಗಿದ ಮೇಲೆ ಟ್ಯಾಂಕ್ ಬಸಿದು, ಮತ್ತೆ ಸ್ಟಾರ್ಟ್ ಮಾಡಿ, ಪೈಪಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಬಿಡಿ.


ಪೇರಲ ತೋಟ, ನವಲೂರು
ರವಿವಾರ, ರಾತ್ರಿ 8:15

ಮಾಸ್ತರ, ಆ ಜಾಗದಲ್ಲಿ ಪೇರಲ ಯಾಕಿಲ್ಲ? ಧಾರವಾಡದವರಾಗಿ ಪೇರಲ ಇಲ್ಲದ ತೋಟ ಅಂದರೆ ನಮಗೇ ನಾಚಿಕೆ. ಬಂದು ಒಂದು ಗೂಟಿ (ಟೊಂಗೆಗೇ ಬೇರು ಬರಿಸಿದ ಸಸಿ) ಒಯ್ಯಿರಿ. ಈಗ ಕಟ್ಟಿದರೆ ಶ್ರಾವಣದ ಹೊತ್ತಿಗೆ ಬೇರು ಬರುತ್ತದೆ.

ಮಾಡುವುದು ಏನೂ ಕಷ್ಟವಿಲ್ಲ. ಪೆನ್ಸಿಲ್ ದಪ್ಪದ ಟೊಂಗೆ, ಸುತ್ತಲೂ ಒಂದು ಇಂಚು ಸಿಪ್ಪೆ ಉಂಗುರದ ಹಾಗೆ ತೆಗೆಯಬೇಕು. ಸಿಪ್ಪೆಯ ಕೆಳಗಿನ ಲೋಳೆಯನ್ನೂ ಚಾಕುವಿನ ಬೆನ್ನಿಂದ ಕೆರೆದು ಒರೆಸಬೇಕು, ಇಲ್ಲದಿದ್ದರೆ ಸಿಪ್ಪೆ ಮತ್ತೆ ಕೂಡಿಕೊಳ್ಳುತ್ತದೆ. ತೇವ ಮಾಡಿದ ತೆಂಗಿನ ನಾರಿನ ಪುಡಿ ಮುಷ್ಟಿಯಷ್ಟು ಸುತ್ತಿ, ಪ್ಲಾಸ್ಟಿಕ್ ಹಾಳೆ ಹಾಕಿ, ಎರಡೂ ತುದಿ ಬಿಗಿ ಕಟ್ಟಬೇಕು. ಪಾರದರ್ಶಕ ಹಾಳೆ ಆದರೆ ಬಿಳಿ ಬೇರು ಕಾಣುತ್ತವೆ. ಒಂದೂವರೆ ತಿಂಗಳು. ಬೀಜದ ಗಿಡಕ್ಕೆ ತಾಯಿಯ ಗುಣ ಬಂದೇ ಬರುತ್ತದೆ ಅನ್ನುವ ಹಾಗಿಲ್ಲ, ಗೂಟಿಗೆ ಆ ಚಿಂತೆ ಇಲ್ಲ.


ಹಿತ್ತಲ ಮಾಸ್ತರ, ಧಾರವಾಡ
ರವಿವಾರ, ರಾತ್ರಿ 8:40

ಪೇರಲ ಹಾಕಿದ್ದೆ ಸರ್. ಮುಸ್ಯಾಗಳು ಬಿಡಲಿಲ್ಲ. ಹಣ್ಣು ಹೋದರೆ ಹೋಗಲಿ, ಟೊಂಗೆಯನ್ನೇ ಜೋಕಾಲಿ ಮಾಡಿ ಮುರಿದವು. ಈ ವರ್ಷ ಆರು ಆಪೂಸ ಗಿಡಕ್ಕೆ ಸೇರಿ ನಾಲ್ಕು ಬುಟ್ಟಿ ಕಾಯಿ, ಅದರಲ್ಲಿ ಒಂದೂವರೆ ಅವುಗಳ ಪಾಲು. ಆದರೂ ಬರುತ್ತೇನೆ. ಎರಡು ಗೂಟಿ ಕಟ್ಟಿಡಿ, ಒಂದು ನಮಗೆ, ಒಂದು ಅವುಗಳಿಗೆ.


ಎರಿಹೊಲದವ, ಗದಗ
ಮಂಗಳವಾರ, ರಾತ್ರಿ 9:30

ಎರಡು ದಿನ ಈ ಕಡೆ ಬರಲಾಗಲಿಲ್ಲ. ನಮ್ಮ ಬ್ಯಾಂಕಿನಲ್ಲಿ ಬೆಳೆ ಸಾಲದ ಸಾಲು ಬಾಗಿಲ ಹೊರಗಿನವರೆಗೆ. ಈ ತಿಂಗಳು ಹಾಗೇ.

ರೋಣದ ಕಡೆ ನಮ್ಮ ಹೊಲ, ಎರಿ, ಅಂದರೆ ಕಪ್ಪು ಮಣ್ಣು. ದೊಡ್ಡ ಹೊಲ ಲಾವಣಿಗೆ ಕೊಟ್ಟಿದ್ದೇವೆ, ಮನೆಯ ಹತ್ತಿರದ ಹತ್ತು ಗುಂಟೆ ನನ್ನ ಹುಚ್ಚಿಗೆ ಇಟ್ಟುಕೊಂಡಿದ್ದೇನೆ. ಮಸಾರಿಯವರಿಗೆ ನಮ್ಮ ಕಷ್ಟ ತಿಳಿಯುವುದಿಲ್ಲ. ನಿಮ್ಮಲ್ಲಿ ಮಳೆ ನಿಂತ ಮರುದಿನ ಕಾಲಿಡಬಹುದು. ನಮ್ಮಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಒಣಗಿದರೆ ಇಟ್ಟಿಗೆ. ನಡುವೆ ಎರಡೋ ಮೂರೋ ದಿನ ಹದ ಇರುತ್ತದೆ, ಅಷ್ಟರಲ್ಲಿ ಮುಗಿಸಬೇಕು. ಆ ದಿನಗಳು ಯಾವಾಗಲೂ ಸೋಮವಾರದಿಂದ ಬುಧವಾರವೇ ಬರುತ್ತವೆ. ರವಿವಾರ ಹದ ಬಂದದ್ದು ನನ್ನ ನೌಕರಿಯಲ್ಲಿ ಒಂದೇ ಸಲ.

ಹೋದ ಶ್ರಾವಣದಲ್ಲಿ ಕೃಷಿ ಯಂತ್ರಧಾರೆಯಿಂದ ಪವರ್ ವೀಡರ್ ಬಾಡಿಗೆಗೆ ತಂದೆ. ಹದ ನೋಡದೆ ಇಳಿಸಿದೆ. ಹತ್ತು ಹೆಜ್ಜೆಗೆ ಅದರ ಹಲ್ಲುಗಳ ನಡುವೆ ಮಣ್ಣು ತುಂಬಿ ವೀಡರ್ ಹೋಗಿ ರೋಡ್ ರೋಲರ್ ಆಯಿತು. ನಿಲ್ಲಿಸು, ಕಡ್ಡಿಯಿಂದ ಕೆರೆ, ಮತ್ತೆ ಹತ್ತು ಹೆಜ್ಜೆ. ಬಾಡಿಗೆ ಲೆಕ್ಕ ಗಂಟೆಯದು! ಬದುವಿನ ಮೇಲೆ ಅಣ್ಣ ಎತ್ತು ಹೂಡಿದ ಎಡೆಕುಂಟಿ ನಿಲ್ಲಿಸಿಕೊಂಡು ನನ್ನನ್ನೇ ನೋಡುತ್ತಿದ್ದ. ಏನೂ ಅನ್ನಲಿಲ್ಲ. ಅಂದಿದ್ದರೇ ಚಲೋ ಇತ್ತು.

ಹದ ನೋಡುವುದು ಈಗ ಕಲಿತಿದ್ದೇನೆ. ಒಂದು ಹಿಡಿ ಮಣ್ಣು ಉಂಡೆ ಮಾಡಿ ಸೊಂಟದ ಮಟ್ಟದಿಂದ ಬಿಡಬೇಕು. ಪಚಕ್ ಅಂತ ಕೂತರೆ ಇನ್ನೂ ಹಸಿ. ಬಿದ್ದು ಉದುರಿದರೆ ಇಳಿಯಬಹುದು.


ಮಾಳಿಗೆ ಅಕ್ಕ, ಹುಬ್ಬಳ್ಳಿ
ಮಂಗಳವಾರ, ರಾತ್ರಿ 9:48

ಅಣ್ಣಾರ, ಎರಿ ಮಣ್ಣು ಅಂದಿರಿ, ಒಂದು ಕೆಲಸ ಆಗಬೇಕು. ಮಣ್ಣೆತ್ತಿನ ಅಮಾವಾಸ್ಯೆ ಬರುತ್ತಿದೆ. ಮಗಳು ಕೇಶ್ವಾಪುರದಲ್ಲಿ, ಮೊಮ್ಮಕ್ಕಳು ಇಬ್ಬರು. ಹೋದ ವರ್ಷ ಪೇಟೆಯಿಂದ ಬಣ್ಣ ಬಳಿದ ಎತ್ತು ತಂದಿದ್ದೆ. ಈ ಸಲ ನಾವೇ ಮಾಡಬೇಕು ಅಂತ ಹಟ. ನನ್ನ ಕುಂಡದ ಮಣ್ಣಿನಲ್ಲಿ ಮಾಡಿ ನೋಡಿದೆವು, ನಾರಿನ ಪುಡಿ, ಗೊಬ್ಬರ ಜಾಸ್ತಿ, ಎತ್ತಿನ ಕೊಂಬು ನಿಲ್ಲಲಿಲ್ಲ. ಸಣ್ಣವ ಅದನ್ನು ಎಮ್ಮೆ ಅಂತ ಪೂಜೆ ಮಾಡೋಣ ಅಂದ.

ಒಂದು ಸಣ್ಣ ಚೀಲ ಎರಿ ಮಣ್ಣು ಸಿಗುತ್ತದೆಯೇ? ಬದಲಿಗೆ ಪುಂಡಿ ಬೀಜ, ರಾಜಗಿರಿ ಬೀಜ ಕೊಡುತ್ತೇನೆ.


ಎರಿಹೊಲದವ, ಗದಗ
ಮಂಗಳವಾರ, ರಾತ್ರಿ 10:02

ಮಣ್ಣಿಗೇನು ಕೊರತೆ ಅಕ್ಕಾರ. ರವಿವಾರ ಹುಬ್ಬಳ್ಳಿಗೆ ಮಾವನವರ ಮನೆಗೆ ಬರುತ್ತಿದ್ದೇನೆ, ಹತ್ತು ಕೆ.ಜಿ. ಚೀಲ ತರುತ್ತೇನೆ. ಬೀಜ ಬೇಕು, ಜೊತೆಗೆ ಹಕ್ಕರಕಿ ಬೀಜ ಇದ್ದರೆ ಇನ್ನೂ ಚಲೋ. ನಮ್ಮ ಹಿಂಗಾರಿ ಜೋಳದ ಹೊಲದಲ್ಲಿ ಮೊದಲು ಎಷ್ಟು ಬೇಕಾದರೂ ಇರುತ್ತಿತ್ತು. ಕಳೆನಾಶಕ ಬಂದ ಮೇಲೆ ಕಣ್ಣಿಗೆ ಬೀಳುವುದಿಲ್ಲ. ಕುಂಡದಲ್ಲಿ ಹಾಕಿ ನೋಡಿದೆ, ಎಲೆ ಬಂತು. ರೊಟ್ಟಿ, ಹಿಂಡಿ, ಹಸಿ ಉಳ್ಳಾಗಡ್ಡಿ ಜೊತೆ ಕಡಿದರೆ ಹೊಲದ ಆ ಕಹಿ ಮಾತ್ರ ಇಲ್ಲ.


ಡಬ್ಬಿ ಕಡ್ಡಿ, ಬ್ಯಾಡಗಿ
ಬುಧವಾರ, ಬೆಳಿಗ್ಗೆ 7:30

ನೀಲಿ ಹಾಳೆ ಹಾಕಿ ಮೂರು ದಿನ. ಸಾಸಿವೆ ಚೆಲ್ಲಿದ ಹಾಗೆ ಅಂಟಿಕೊಂಡಿವೆ. ಹೊಸ ಚಿಗುರು ನೆಟ್ಟಗೆ ಬರುತ್ತಿದೆ. ಕಡ್ಡಿ ಬೇಗ ಸುಧಾರಿಸಿತು, ಡಬ್ಬಿ ಇನ್ನೂ ಮುನಿಸಿಕೊಂಡಿದೆ.


ಮಾಳಿಗೆ ಅಕ್ಕ, ಹುಬ್ಬಳ್ಳಿ
ಎರಡು ವಾರದ ನಂತರ, ಗುರುವಾರ, ರಾತ್ರಿ 8:20

ನಿನ್ನೆ ಅಮಾವಾಸ್ಯೆ ಮುಗಿಯಿತು. ಗದಗದ ಮಣ್ಣು ಬಂದಿತ್ತು. ಏನು ಮಣ್ಣು ಮಾರಾಯರೇ, ಬೆಣ್ಣೆ! ಕೊಂಬು ನಿಂತವು, ಇಣಿಯೂ (ಹೆಗಲ ಡುಬ್ಬ) ನಿಂತಿತು. ಐದು ಎತ್ತು ಮಾಡಿದರು, ಒಂದು ಗ್ವಾದಲಿ (ಮೇವಿನ ತೊಟ್ಟಿ). ಕಣ್ಣಿಗೆ ಕುಸುಬಿ ಕಾಳು, ಬೆನ್ನಿಗೆ ಹಳೇ ಸೀರೆಯ ಜರಿಯ ಜೂಲು. ಉಳಿದ ಮಣ್ಣು ಅರ್ಧ ಬುಟ್ಟಿ ಇದೆ, ಚೆಲ್ಲಲು ಮನಸ್ಸಿಲ್ಲ.

ಮೋಹಕ ಬಲೆಯಲ್ಲಿ ಇಪ್ಪತ್ತೆರಡು ನೊಣ. ಹೀರೇಕಾಯಿ ಒಂದು ಗೇಣು ಬಂದಿದೆ, ಕಾಗದದ ಕೊಟ್ಟೆಯೊಳಗೆ. ದಿನಾ ಎರಡು ಸಲ ಬಿಚ್ಚಿ ನೋಡುತ್ತಿದ್ದೇನೆ, ನೊಣಕ್ಕಿಂತ ನನ್ನ ಕಾಟವೇ ಜಾಸ್ತಿ.


ಹಿತ್ತಲ ಮಾಸ್ತರ, ಧಾರವಾಡ
ಗುರುವಾರ, ರಾತ್ರಿ 9:05

ನಮ್ಮಲ್ಲೂ ಒಂದು ಸುದ್ದಿ. ಹುಲ್ಲು ಮುಗಿಯಿತು. ಪುಂಡಿ ಗಿಡ ಒಂಬತ್ತು ಬಿಟ್ಟಿದ್ದೇನೆ ಅಕ್ಕ, ಸುತ್ತಲೂ ಕಲ್ಲು ಇಟ್ಟು. ಗಿಡದ ಬುಡದ ಹುಲ್ಲಿಗೆ ಬ್ಲೇಡ್ ಹಾಕಲು ಅಪ್ಪ ಬಿಡಲಿಲ್ಲ, ಸಿಪ್ಪೆಗೆ ತಾಗುತ್ತದೆ ಅಂತ. ತಾವೇ ಕುರ್ಪಿ ಹಿಡಿದು ಆರೂ ಆಪೂಸದ ಬುಡ ಸ್ವಚ್ಛ ಮಾಡಿದರು, ದಿನಕ್ಕೊಂದು ಗಿಡ. ನಾನು ದೊಡ್ಡದು ಕತ್ತರಿಸುತ್ತಾ ಬರುವುದು, ಅವರು ಬುಡದಲ್ಲಿ ಕೂತಿರುವುದು. ಮಷಿನ್ ಸದ್ದಿಗೆ ಕಿವಿಗೆ ಟವೆಲ್ ಸುತ್ತಿಕೊಂಡಿದ್ದರು.

ಬಾಟಲಿಯ ಕೋಶ ಅಮಾವಾಸ್ಯೆಯ ಹಿಂದಿನ ದಿನ ಒಡೆಯಿತು. ಮಗಳು ಶಾಲೆಯಿಂದ ಬರುವಷ್ಟರಲ್ಲಿ ಹುಳ ಹತ್ತಿಯ ಮೇಲೆ ಕೂತು ಮೀಸೆ ತಿಕ್ಕುತ್ತಿತ್ತು. ಸೊಂಟ ದಾರದಷ್ಟು ಸಣ್ಣ, ಕಾಲು ಹಳದಿ. ಪರದೆ ಬಿಚ್ಚಿದಳು, ಹಾರಿ ಹೋಯಿತು.

ಇವತ್ತು ಬೆಳಿಗ್ಗೆ ನಲ್ಲಿಯ ಹತ್ತಿರದ ಕೆಸರಿನಲ್ಲಿ ಅಂಥದ್ದೇ ಒಂದು ಹುಳ ಮಣ್ಣಿನ ಉಂಡೆ ಮಾಡುತ್ತಿತ್ತು. ಉಂಡೆ ಕಚ್ಚಿಕೊಂಡು ಎದ್ದು, ಸೀದಾ ಕಟ್ಟಿಗೆ ಮನೆಯೊಳಗೆ ಹೋಯಿತು. ಅಪ್ಪ ನನ್ನ ಕಡೆ ತಿರುಗಿ "ಮಾಸ್ತರ, ಬಾಡಿಗಿದಾರರು ಬಂದ್ರು" ಅಂದರು. ಓಡಿಹೋಗಿ ಸೈಲೆನ್ಸರ್ ತೂತಿಗೆ ಹಳೇ ಬನಿಯನ್ ತುರುಕಿ ಬಂದೆ.


ಲೋಕೋ ಶೆಡ್ ಕಾಕಾ, ಹುಬ್ಬಳ್ಳಿ
ಗುರುವಾರ, ರಾತ್ರಿ 9:20

ಬನಿಯನ್ನಿಗೆ ಒಂದು ಕೆಂಪು ದಾರ ಕಟ್ಟಿ, ಇನ್ನೊಂದು ತುದಿ ಎಳೆಯುವ ಹಗ್ಗದ ಹಿಡಿಗೆ ಕಟ್ಟಿ ಮಾಸ್ತರ. ಇಲ್ಲದಿದ್ದರೆ ಮುಂದಿನ ತಿಂಗಳು ಮತ್ತೆ ಮೂವತ್ತು ಸಲ ಎಳೆದು ಇಲ್ಲಿಗೇ ಬರುತ್ತೀರಿ.